ಒಳ್ಳೆ ಕನ್ಸೋಲ್ ಕೂಡ ಯಾಕೆ ಸೋಲುತ್ತದೆ?

ಪ್ರಶ್ನೆ: ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ತನ್ನ ಕಾಲಕ್ಕಿಂತ ಮುಂದಿತ್ತು ಅಂತಾರೆ. ನಿಂಟೆಂಡೊದ ವೀ ಯು ಗೇಮ್‌ಗಳನ್ನು ಜನ ಈಗಲೂ ಹೊಗಳುತ್ತಾರೆ. ಸೋನಿಯ ಪಿಎಸ್ 3 (ಪ್ಲೇಸ್ಟೇಷನ್ 3) ಒಳಗಿನ ಚಿಪ್ ಬಗ್ಗೆ ಆಗ ಎಷ್ಟೊಂದು ಮಾತು ಕೇಳಿದ್ದೆವು. ಆದರೂ ಇವೆಲ್ಲ ಎದುರಾಳಿಗಳ ಮುಂದೆ ಒದ್ದಾಡಿದವು. ಯಂತ್ರ ಚೆನ್ನಾಗಿದ್ದರೂ ಕನ್ಸೋಲ್ ಸೋಲುವುದು ಯಾಕೆ? ಜಾಹೀರಾತು ಸಾಲದೆ ಹೋಯಿತಾ, ಇಲ್ಲ ಬೇರೆ ಕಾರಣ ಇದೆಯಾ?

ಉತ್ತರ: ಜಾಹೀರಾತು ಒಂದು ಕಾರಣ ಹೌದು, ಆದರೆ ಸಣ್ಣ ಕಾರಣ. ಕನ್ಸೋಲ್ ಕೊಳ್ಳುವವರು ಪೆಟ್ಟಿಗೆಯಲ್ಲಿ ಇರುವ ಯಂತ್ರಕ್ಕೆ ಮಾತ್ರ ದುಡ್ಡು ಕೊಡುವುದಿಲ್ಲ. ಮುಂದಿನ ಐದಾರು ವರ್ಷ ಇದಕ್ಕೆ ಗೇಮ್‌ಗಳು ಬರುತ್ತಲೇ ಇರುತ್ತವೆ ಎಂದು ನಂಬಿ ದುಡ್ಡು ಕೊಡುತ್ತಾರೆ. ಗೇಮ್ ಮಾಡುವ ಸ್ಟುಡಿಯೋಗಳ ಸ್ಥಿತಿಯೂ ಅದೇ. ಇವತ್ತು ಕೆಲಸ ಶುರು ಮಾಡಿದರೆ ದೊಡ್ಡ ಗೇಮ್ ಹೊರಬರಲು ಎರಡು ಮೂರು ವರ್ಷ ಬೇಕು, ಈಗೀಗ ಇನ್ನೂ ಜಾಸ್ತಿ. ಅಷ್ಟು ಹೊತ್ತಿಗೆ ಈ ಕನ್ಸೋಲ್ ಎಷ್ಟು ಮನೆಗಳಲ್ಲಿ ಇರುತ್ತದೆ ಎಂದು ಅವರು ಅಂದಾಜು ಕಟ್ಟಬೇಕು. ಈ ಎರಡು ಕಡೆಯ ನಂಬಿಕೆಯಲ್ಲಿ ಒಂದು ಅಲುಗಾಡಿದರೆ ಸಾಕು, ಇನ್ನೊಂದೂ ಅಲುಗಾಡುತ್ತದೆ. ಸೋತ ಕನ್ಸೋಲ್‌ಗಳ ಕಥೆಯಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಇದೇ.

ಗೇಮ್ ಚೆನ್ನಾಗಿದ್ದರೆ ಸಾಕು ಎನ್ನುವವರಿಗೆ ನಾನು ಯಾವಾಗಲೂ ಮಾರಿಯೊ ಕಾರ್ಟ್ 8 ಎಂಬ ರೇಸಿಂಗ್ ಗೇಮ್‌ನ ಲೆಕ್ಕ ತೋರಿಸುತ್ತೇನೆ. ನಿಂಟೆಂಡೊ ಅದನ್ನು 2014ರಲ್ಲಿ ವೀ ಯುಗೆ ಬಿಡುಗಡೆ ಮಾಡಿತು. ಸುಮಾರು 84 ಲಕ್ಷ ಪ್ರತಿ ಮಾರಾಟವಾದವು. 2017ರಲ್ಲಿ ಅದೇ ಗೇಮ್ ಒಂದಿಷ್ಟು ಸೇರ್ಪಡೆಗಳ ಜೊತೆ ನಿಂಟೆಂಡೊದ ಮುಂದಿನ ಕನ್ಸೋಲ್ ಸ್ವಿಚ್‌ಗೆ ಬಂತು. ಈ ಸಲ 6 ಕೋಟಿ ಪ್ರತಿಗಳನ್ನೂ ದಾಟಿತು. ಅದೇ ಟ್ರ್ಯಾಕ್‌ಗಳು, ಅದೇ ಪಾತ್ರಗಳು, ಓಡಿಸುವ ಮಜಾನೂ ಅದೇ. ಗೇಮ್ ಬದಲಾಗಿರಲಿಲ್ಲ, ಅದು ಕೂತಿದ್ದ ಕನ್ಸೋಲ್ ಬದಲಾಗಿತ್ತು. ವೀ ಯು ಒಟ್ಟು ಮಾರಾಟವಾದದ್ದು ಸುಮಾರು 1 ಕೋಟಿ 35 ಲಕ್ಷ. ಸ್ವಿಚ್ 15 ಕೋಟಿ ದಾಟಿದೆ.

ಇದು ಅರ್ಥವಾಗಬೇಕಾದರೆ ಮೊದಲು ಈ ವ್ಯಾಪಾರದಲ್ಲಿ ದುಡ್ಡು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಎಷ್ಟೋ ಕನ್ಸೋಲ್‌ಗಳನ್ನು ಶುರುವಿನಲ್ಲಿ ತಯಾರಿಕೆಯ ಖರ್ಚಿಗೇ, ಕೆಲವನ್ನು ನಷ್ಟಕ್ಕೇ ಮಾರುತ್ತಾರೆ. ಲಾಭ ಬರುವುದು ಗೇಮ್‌ಗಳಿಂದ. ಬೇರೆ ಕಂಪನಿಯ ಗೇಮ್ ಒಂದು ಪ್ರತಿ ಹೋದರೂ ಅದರಲ್ಲಿ ಒಂದು ಪಾಲು ಕನ್ಸೋಲ್ ಕಂಪನಿಗೆ ಹೋಗುತ್ತದೆ. ಈಗಿನ ಆನ್‌ಲೈನ್ ಅಂಗಡಿಗಳಲ್ಲಿ ಈ ಪಾಲು ಸಾಮಾನ್ಯವಾಗಿ ನೂರಕ್ಕೆ 30. ಆದ್ದರಿಂದ ಯಂತ್ರವನ್ನು ಕಡಿಮೆ ಬೆಲೆಗೆ ಕೊಟ್ಟು ಮನೆಮನೆಗೆ ಮುಟ್ಟಿಸುವುದು, ಆಮೇಲೆ ವರ್ಷಗಟ್ಟಲೆ ಗೇಮ್‌ಗಳಿಂದ ಗಳಿಸುವುದು, ಇದೇ ಪದ್ಧತಿ.

ಈ ಪದ್ಧತಿಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 1993ರ 3ಡಿಒ ಕನ್ಸೋಲ್ ಇದೆ. ಆ ಕಂಪನಿ ತಾನೇ ಯಂತ್ರ ಮಾಡಲಿಲ್ಲ. ವಿನ್ಯಾಸ ಕೊಟ್ಟು, ಪ್ಯಾನಸೋನಿಕ್‌ನಂಥ ಕಂಪನಿಗಳಿಂದ ಮಾಡಿಸಿತು. ಗೇಮ್ ಮಾಡುವವರಿಂದ ಪ್ರತಿಗೆ ಬರೀ 3 ಡಾಲರ್ ತೆಗೆದುಕೊಂಡಿತು. ಸ್ಟುಡಿಯೋಗಳಿಗೆ ಖುಷಿಯಾಯಿತು. ಆದರೆ ಪ್ಯಾನಸೋನಿಕ್‌ಗೆ ಗೇಮ್ ಮಾರಾಟದಿಂದ ಏನೂ ದಕ್ಕುವಂತಿರಲಿಲ್ಲ. ಅದು ಯಂತ್ರದಲ್ಲೇ ಲಾಭ ನೋಡಬೇಕಾಯಿತು. ಅಮೆರಿಕದಲ್ಲಿ ಬೆಲೆ 699 ಡಾಲರ್ ಆಯಿತು. ಆ ಬೆಲೆಗೆ ಕೊಳ್ಳುವವರು ಎಷ್ಟು ಜನ? ಕೊಳ್ಳುವವರೇ ಇಲ್ಲದ ಮೇಲೆ 3 ಡಾಲರ್ ರಾಯಲ್ಟಿಯಿಂದ ಸ್ಟುಡಿಯೋಗಳಿಗೆ ಏನು ಉಪಯೋಗ?

ಸಂತೆ ಕೂಡುವುದೂ ಹೀಗೇ. ಗಿರಾಕಿ ಬರುವ ಕಡೆ ಮಾರುವವರು ಬರುತ್ತಾರೆ, ಮಾರುವವರು ಇರುವ ಕಡೆ ಗಿರಾಕಿ ಬರುತ್ತಾರೆ. ಯಾರೋ ಒಬ್ಬರು ಮೊದಲು ಬರಬೇಕು. ಕನ್ಸೋಲ್ ಕಂಪನಿ ಬೆಲೆ ಇಳಿಸಿ ಗಿರಾಕಿಯನ್ನು ಕರೆಯುತ್ತದೆ, ಸ್ವಂತ ಸ್ಟುಡಿಯೋಗಳಿಂದ ಗೇಮ್ ಮಾಡಿಸಿ ಮೊದಲ ವರ್ಷ ತಳ್ಳುತ್ತದೆ. ಅಷ್ಟರಲ್ಲಿ ಹೊರಗಿನ ಸ್ಟುಡಿಯೋಗಳು ಬಂದು ಸೇರಿಕೊಂಡರೆ ಗೆದ್ದಂತೆ. ಮೊದಲ ಒಂದೆರಡು ವರ್ಷದಲ್ಲಿ ಅವರು ಬಾರದಿದ್ದರೆ ಆಮೇಲೆ ಕರೆತರುವುದು ಬಹಳ ಕಷ್ಟ.

ಈ ನಂಬಿಕೆ ಹೇಗೆ ಒಡೆಯುತ್ತದೆ ಎಂದು ತಿಳಿಯಲು ಸೆಗಾ ಸ್ಯಾಟರ್ನ್‌ಗಿಂತ ಒಳ್ಳೆ ಪಾಠ ಇನ್ನೊಂದಿಲ್ಲ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

90ರ ದಶಕದ ಶುರುವಿನಲ್ಲಿ ಸೆಗಾ ಅಮೆರಿಕದಲ್ಲಿ ಬಲವಾಗಿ ನಿಂತಿತ್ತು. ಜೆನೆಸಿಸ್ ಕನ್ಸೋಲ್, ಸೋನಿಕ್ ಗೇಮ್‌ಗಳು ನಿಂಟೆಂಡೊಗೆ ನಿಜವಾದ ಪೈಪೋಟಿ ಕೊಟ್ಟಿದ್ದವು. 1992ರಲ್ಲಿ ಜೆನೆಸಿಸ್‌ಗೆ ಜೋಡಿಸುವ ಸೆಗಾ ಸಿಡಿ ಅಲ್ಲಿಗೆ ಬಂತು. ಬೆಲೆ 299 ಡಾಲರ್. 1994ರ ನವೆಂಬರ್‌ನಲ್ಲಿ ಅದೇ ಜೆನೆಸಿಸ್‌ಗೆ ಜೋಡಿಸುವ ಇನ್ನೊಂದು ಸಾಧನ, 32ಎಕ್ಸ್, ಬಂತು. ಅದೇ ತಿಂಗಳು ಜಪಾನ್‌ನಲ್ಲಿ ಸೆಗಾ ತನ್ನ ಹೊಸ ಕನ್ಸೋಲ್ ಸ್ಯಾಟರ್ನ್ ಅನ್ನು ಮಾರಾಟಕ್ಕೆ ಇಟ್ಟಿತು. ಒಂದೇ ತಿಂಗಳಲ್ಲಿ ಒಂದು ದೇಶದಲ್ಲಿ ಹಳೆಯ ಯಂತ್ರಕ್ಕೆ ಜೋಡಣೆ, ಇನ್ನೊಂದು ದೇಶದಲ್ಲಿ ಆ ಹಳೆಯ ಯಂತ್ರವನ್ನೇ ಮೂಲೆಗೆ ತಳ್ಳುವ ಹೊಸ ಯಂತ್ರ. 32ಎಕ್ಸ್ ಕೊಂಡವರಿಗೆ ಕೆಲವೇ ತಿಂಗಳಲ್ಲಿ ಗೇಮ್‌ಗಳ ಬರ ಶುರುವಾಯಿತು. ಸೆಗಾ ಹೆಸರು ನೋಡಿ ಕೊಂಡ ಜನ ಮುಂದಿನ ಸಲ ಅದೇ ಹೆಸರು ನೋಡಿ ಹಿಂದೆ ಸರಿದರೆ ತಪ್ಪೇನು?

ಇದರ ಮೇಲೆ 1995ರ ಮೇ 11 ಬಂತು. ಲಾಸ್ ಏಂಜಲೀಸ್‌ನಲ್ಲಿ ಇ3 ಎಂಬ ವಿಡಿಯೋ ಗೇಮ್ ಮೇಳ ಮೊಟ್ಟಮೊದಲ ಸಲ ನಡೆಯುತ್ತಿತ್ತು. ಸ್ಯಾಟರ್ನ್ ಅಮೆರಿಕಕ್ಕೆ ಸೆಪ್ಟೆಂಬರ್ 2ರಂದು ಬರುತ್ತದೆ ಎಂದು ಮೊದಲೇ ಹೇಳಿದ್ದರು. ಆದರೆ ಸೆಗಾ ಅಮೆರಿಕದ ಮುಖ್ಯಸ್ಥ ಟಾಮ್ ಕಲಿನ್‌ಸ್ಕಿ ಆವತ್ತು ವೇದಿಕೆಯಲ್ಲಿ ಬೇರೆಯೇ ಹೇಳಿದರು. ಸ್ಯಾಟರ್ನ್ ಈಗಾಗಲೇ ಕೆಲವು ಅಂಗಡಿಗಳಿಗೆ ಹೋಗಿದೆ, ಬೆಲೆ 399 ಡಾಲರ್. ಸೋನಿಯ ಹೊಸ ಕನ್ಸೋಲ್ ಪ್ಲೇಸ್ಟೇಷನ್‌ಗಿಂತ ನಾಲ್ಕು ತಿಂಗಳು ಮೊದಲೇ ಮಾರುಕಟ್ಟೆ ಹಿಡಿಯಬೇಕು ಅನ್ನುವುದು ಲೆಕ್ಕ. ಜಪಾನ್‌ನ ಮುಖ್ಯ ಕಚೇರಿಯಿಂದ ಒತ್ತಡ ಇತ್ತು. ಅದೇ ಮೇಳದಲ್ಲಿ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ಪ್ಲೇಸ್ಟೇಷನ್ ಬೆಲೆ ಹೇಳಿ ಇಳಿದು ಹೋದರು: 299. ಬೇರೆ ಮಾತೇ ಇಲ್ಲ.

ನೂರು ಡಾಲರ್ ವ್ಯತ್ಯಾಸ ಎಲ್ಲರಿಗೂ ಕಂಡಿತು. ಆದರೆ ಒಳಗೆ ಆದ ಹಾನಿ ಅದಕ್ಕಿಂತ ದೊಡ್ಡದು. ಸ್ಯಾಟರ್ನ್ ಸಿಕ್ಕಿದ್ದು ನಾಲ್ಕೇ ಅಂಗಡಿ ಜಾಲಗಳಿಗೆ. ಉಳಿದವರಿಗೆ ಅವಮಾನವಾಯಿತು. ಕೆಬಿ ಟಾಯ್ಸ್ ಸೆಗಾ ಸಾಮಾನು ಇಡುವುದನ್ನೇ ನಿಲ್ಲಿಸಿತು. ಇನ್ನು ಸ್ಟುಡಿಯೋಗಳು. ಅವರೆಲ್ಲ ಸೆಪ್ಟೆಂಬರ್‌ಗೆ ಗೇಮ್ ಮುಗಿಸಲು ಕೆಲಸ ಮಾಡುತ್ತಿದ್ದರು. ಮೇ ತಿಂಗಳಲ್ಲಿ ಕನ್ಸೋಲ್ ಹೊರಬಂದಾಗ ಅವರ ಕೈಯಲ್ಲಿ ಏನೂ ಸಿದ್ಧ ಇರಲಿಲ್ಲ. ಕೊಂಡವರಿಗೆ ಬೇಸಿಗೆಯಿಡೀ ಆಡಲು ಬೆರಳೆಣಿಕೆಯ ಗೇಮ್‌ಗಳು, ಬಹುಪಾಲು ಸೆಗಾದವೇ. ಒಂದೇ ಹೆಜ್ಜೆಯಲ್ಲಿ ಅಂಗಡಿಯವರು, ಸ್ಟುಡಿಯೋಗಳು, ಕೊಳ್ಳುವವರು ಮೂವರಿಗೂ ಸೆಗಾ ಮಾತನ್ನು ನಂಬಬಾರದು ಅನ್ನಿಸಿತು.

ಯಂತ್ರದ ಒಳಗೂ ತೊಂದರೆ ಇತ್ತು. ಸ್ಯಾಟರ್ನ್‌ನಲ್ಲಿ ಹಿಟಾಚಿಯ ಎರಡು ಎಸ್‌ಎಚ್-2 ಪ್ರೊಸೆಸರ್‌ಗಳು, ಚಿತ್ರ ಮೂಡಿಸಲು ಬೇರೆ ಎರಡು ಚಿಪ್‌ಗಳು. 2ಡಿ ಗೇಮ್‌ಗಳಿಗೆ ಅದ್ಭುತ ಯಂತ್ರ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಎರಡೂ ಪ್ರೊಸೆಸರ್‌ಗಳಿಗೆ ಒಟ್ಟಿಗೆ ಕೆಲಸ ಹಂಚುವುದು ಆ ಕಾಲದ ಪ್ರೋಗ್ರಾಮರ್‌ಗಳಿಗೆ ತಲೆನೋವು. ಜೊತೆಗೆ ಉಳಿದ ಉದ್ಯಮ 3ಡಿ ಆಕಾರಗಳನ್ನು ತ್ರಿಕೋನಗಳಲ್ಲಿ ಕಟ್ಟುತ್ತಿದ್ದಾಗ ಸ್ಯಾಟರ್ನ್ ಚತುರ್ಭುಜಗಳಲ್ಲಿ ಕಟ್ಟುತ್ತಿತ್ತು. ಪ್ಲೇಸ್ಟೇಷನ್‌ಗೆ ಬರೆದದ್ದನ್ನು ಇದಕ್ಕೆ ತರಬೇಕಾದರೆ ಎಷ್ಟೋ ಕೆಲಸ ಮತ್ತೆ ಮಾಡಬೇಕು. ಇತ್ತ ಸೋನಿ ಸುಲಭವಾದ ಯಂತ್ರ ಕೊಟ್ಟಿತ್ತು, ಗೇಮ್ ಬರೆಯಲು ಬೇಕಾದ ಉಪಕರಣಗಳನ್ನು ನೀಟಾಗಿ ಕೊಟ್ಟಿತ್ತು. ನೀವೇ ಒಂದು ಸ್ಟುಡಿಯೋ ನಡೆಸುತ್ತಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ? ಇನ್ನೊಂದು ವಿಷಯ. ಸೆಗಾದ ಮುಖವೇ ಆಗಿದ್ದ ಸೋನಿಕ್‌ಗೆ ಸ್ಯಾಟರ್ನ್‌ನಲ್ಲಿ ಹೊಸ ದೊಡ್ಡ ಗೇಮ್ ಬರಲೇ ಇಲ್ಲ. ಸೋನಿಕ್ ಎಕ್ಸ್‌ಟ್ರೀಮ್ ಅರ್ಧದಲ್ಲೇ ನಿಂತುಹೋಯಿತು. ಕೊನೆಗೆ ಸ್ಯಾಟರ್ನ್ ಸುಮಾರು 90 ಲಕ್ಷದಷ್ಟು ಹೋಯಿತು. ಮೊದಲ ಪ್ಲೇಸ್ಟೇಷನ್ 10 ಕೋಟಿ ದಾಟಿತು.

ಆ ಪೆಟ್ಟು ಸೆಗಾದ ಮುಂದಿನ ಕನ್ಸೋಲ್ ಡ್ರೀಮ್‌ಕಾಸ್ಟ್ ತನಕ ಬಂತು. ನೀವು ಕೇಳಿದ್ದು ನಿಜ, ಡ್ರೀಮ್‌ಕಾಸ್ಟ್ ಒಳ್ಳೆಯ ಯಂತ್ರ. ಸ್ಯಾಟರ್ನ್‌ನಲ್ಲಿ ಮಾಡಿದ ಬಹುತೇಕ ತಪ್ಪುಗಳನ್ನು ಸೆಗಾ ಇಲ್ಲಿ ತಿದ್ದಿಕೊಂಡಿತ್ತು. ಗೇಮ್ ಬರೆಯಲು ಸುಲಭ. ಇಂಟರ್ನೆಟ್‌ಗೆ ಮೋಡೆಮ್ ಒಳಗೇ ಇತ್ತು. ಅಮೆರಿಕದಲ್ಲಿ 1999ರ ಸೆಪ್ಟೆಂಬರ್ 9ರಂದು ಬಂದಾಗ ಬೆಲೆ 199 ಡಾಲರ್. ಮೊದಲ ದಿನವೇ 10 ಕೋಟಿ ಡಾಲರ್ ಹತ್ತಿರ ವ್ಯಾಪಾರ ಆಯಿತು. ಹಾಗಿದ್ದರೂ ಒಂದೂವರೆ ವರ್ಷದೊಳಗೆ, 2001ರ ಜನವರಿ 31ರಂದು, ತಯಾರಿಕೆ ನಿಲ್ಲಿಸುವುದಾಗಿ ಸೆಗಾ ಘೋಷಿಸಿತು.

ಏನಾಯಿತು? ಡ್ರೀಮ್‌ಕಾಸ್ಟ್ ಅಮೆರಿಕಕ್ಕೆ ಬರುವ ಆರು ತಿಂಗಳ ಮೊದಲೇ, 1999ರ ಮಾರ್ಚ್‌ನಲ್ಲಿ, ಸೋನಿ ಪ್ಲೇಸ್ಟೇಷನ್ 2 ಬಗ್ಗೆ ಹೇಳಿತ್ತು. ಅದು ಡಿವಿಡಿ ಸಿನಿಮಾ ಆಡಿಸುತ್ತದೆ, ಹಳೆಯ ಪ್ಲೇಸ್ಟೇಷನ್ ಗೇಮ್‌ಗಳನ್ನೂ ನಡೆಸುತ್ತದೆ. ಸೆಗಾದ ಜೋಡಣೆಗಳಿಂದ, ಸ್ಯಾಟರ್ನ್‌ನಿಂದ ಕೈ ಸುಟ್ಟುಕೊಂಡಿದ್ದವರು ಸ್ವಲ್ಪ ಕಾಯೋಣ ಅಂದುಕೊಂಡರು. ಕ್ರೀಡಾ ಗೇಮ್‌ಗಳಿಗೆ ಹೆಸರಾದ ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಡ್ರೀಮ್‌ಕಾಸ್ಟ್‌ಗೆ ಒಂದೂ ಗೇಮ್ ಮಾಡಲಿಲ್ಲ. ಕ್ರೀಡಾ ಗೇಮ್‌ಗಳಿಗಾಗಿಯೇ ಕನ್ಸೋಲ್ ಕೊಳ್ಳುವ ದೊಡ್ಡ ಗುಂಪು ಅದರಿಂದ ದೂರ ಉಳಿಯಿತು. ನಕಲಿ ಸಿಡಿ ಸಮಸ್ಯೆಯೂ ಸೇರಿಕೊಂಡಿತು. ಇಷ್ಟಾದರೂ ದುಡ್ಡಿದ್ದ ಕಂಪನಿ ಆಗಿದ್ದರೆ ಇನ್ನೆರಡು ವರ್ಷ ತಡೆದುಕೊಳ್ಳುತ್ತಿತ್ತು. ಸೆಗಾ ಹತ್ತಿರ ದುಡ್ಡೇ ಉಳಿದಿರಲಿಲ್ಲ. ಅದರ ಅಧ್ಯಕ್ಷ ಇಸಾವೊ ಒಕಾವಾ ತಾವು ಕೊಟ್ಟ ಸಾಲ ಮನ್ನಾ ಮಾಡಿ, ತಮ್ಮ ಸ್ವಂತ ಷೇರುಗಳನ್ನೂ ಕಂಪನಿಗೆ ಬಿಟ್ಟುಕೊಟ್ಟರು. ಅದು ಕಂಪನಿಯನ್ನು ಉಳಿಸಿತು, ಕನ್ಸೋಲ್ ಅನ್ನು ಉಳಿಸಲು ಆಗಲಿಲ್ಲ.

ಹಾಗಾದರೆ ಶುರುವಿನಲ್ಲಿ ಎಡವಿದವರೆಲ್ಲ ಮುಗಿದೇ ಹೋಗುತ್ತಾರಾ? ಇಲ್ಲ. ಪಿಎಸ್ 3 ಅದಕ್ಕೆ ಸಾಕ್ಷಿ. ನಿಮ್ಮ ಪಟ್ಟಿಯಲ್ಲಿ ಅದನ್ನು ಸೇರಿಸಿದ್ದೀರಿ, ಆದರೆ ನಾನು ಅದನ್ನು ಸೋತದ್ದು ಅನ್ನುವುದಿಲ್ಲ. ಬಿದ್ದು ಎದ್ದದ್ದು.

2006ರ ನವೆಂಬರ್‌ನಲ್ಲಿ ಅದು ಬಂದಾಗ ಬೆಲೆ 499 ಮತ್ತು 599 ಡಾಲರ್. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 ಒಂದು ವರ್ಷ ಮೊದಲೇ 299 ಮತ್ತು 399ಕ್ಕೆ ಬಂದಾಗಿತ್ತು. ಪಿಎಸ್ 3 ದುಬಾರಿಯಾಗಲು ಎರಡು ಮುಖ್ಯ ಕಾರಣ, ಹೊಸ ಬಗೆಯ ಸಿನಿಮಾ ಡಿಸ್ಕ್ ಓದುವ ಬ್ಲೂ-ರೇ ಡ್ರೈವ್ ಮತ್ತು ಸೆಲ್ ಪ್ರೊಸೆಸರ್. ಅಷ್ಟು ಬೆಲೆ ಇಟ್ಟೂ ಸೋನಿಗೆ ಪ್ರತಿ ಯಂತ್ರದ ಮೇಲೆ ನಷ್ಟವೇ. ಸೆಲ್ ಬಗ್ಗೆ ನೀವು ಕೇಳಿದ ಹೊಗಳಿಕೆ ಸುಳ್ಳಲ್ಲ. ಲೆಕ್ಕ ಮಾಡುವ ವೇಗದಲ್ಲಿ ಅದು ಗಟ್ಟಿಗ. ಆದರೆ ಅದರ ಶಕ್ತಿ ಇದ್ದದ್ದು ಮುಖ್ಯ ಪ್ರೊಸೆಸರ್ ಪಕ್ಕದ ಸಣ್ಣ ಸಣ್ಣ ಘಟಕಗಳಲ್ಲಿ. ಪ್ರತಿ ಘಟಕಕ್ಕೂ ಕೆಲಸವನ್ನು ಕೈಯಾರೆ ತುಂಡು ಮಾಡಿ ಕೊಡಬೇಕು, ಡೇಟಾವನ್ನೂ ಕೈಯಾರೆ ಸಾಗಿಸಬೇಕು. ಮೆಮೊರಿಯೂ 256 ಎಂಬಿಯ ಎರಡು ಭಾಗವಾಗಿ ಒಡೆದಿತ್ತು. 360ರಲ್ಲಿ 512 ಎಂಬಿ ಒಟ್ಟಿಗೇ ಇತ್ತು, ಬೇಕಾದ ಹಾಗೆ ಬಳಸಿಕೊಳ್ಳಬಹುದಿತ್ತು. ಎರಡೂ ಕನ್ಸೋಲ್‌ಗೆ ಗೇಮ್ ಮಾಡುವ ಸ್ಟುಡಿಯೋ ಸಹಜವಾಗಿ 360ರಲ್ಲಿ ಮೊದಲು ಮಾಡಿ, ಆಮೇಲೆ ಪಿಎಸ್ 3ಗೆ ಸಾಗಿಸುತ್ತಿತ್ತು. ಹೆಚ್ಚು ಬೆಲೆ ಕೊಟ್ಟು ಕೊಂಡವರ ಮನೆಯಲ್ಲೇ ಅದೇ ಗೇಮ್ ಕುಂಟುತ್ತಾ ಓಡಿದ್ದುಂಟು. 2011ರ ಸ್ಕೈರಿಮ್ ಗೇಮ್ ಪಿಎಸ್ 3ರಲ್ಲಿ ಎಷ್ಟು ಕಾಟ ಕೊಟ್ಟಿತು ಎಂದು ಆಡಿದವರಿಗೆ ನೆನಪಿರುತ್ತದೆ. ಸೋನಿಯವೇ ಅನ್ನುವಂತಿದ್ದ ಗೇಮ್‌ಗಳೂ ಕೈ ಜಾರಿದವು. ಫೈನಲ್ ಫ್ಯಾಂಟಸಿ 13 ಎಕ್ಸ್‌ಬಾಕ್ಸ್‌ಗೂ ಬರುತ್ತದೆ ಎಂದು 2008ರಲ್ಲಿ ಘೋಷಣೆಯಾಯಿತು.

ಸೋನಿ ಹೇಗೆ ಎದ್ದಿತು? ತಾಳ್ಮೆಯಿಂದ ದುಡ್ಡು ಸುರಿಯಿತು. 2009ರಲ್ಲಿ ಸಣ್ಣ ಗಾತ್ರದ ಪಿಎಸ್ 3 ತಂದು ಬೆಲೆ 299ಕ್ಕೆ ಇಳಿಸಿತು. ಯಂತ್ರದ ಗುಟ್ಟು ಬಲ್ಲ ಸ್ವಂತ ಸ್ಟುಡಿಯೋಗಳು ಬೇರೆ ಎಲ್ಲೂ ಸಿಗದ ಗೇಮ್‌ಗಳನ್ನು ಕೊಟ್ಟವು. ಎದುರಾಳಿಯೂ ಎಡವಿದ. 360 ಯಂತ್ರಗಳು ಕೆಂಪು ದೀಪ ತೋರಿಸಿ ಕೆಡುತ್ತಿದ್ದವು. 2007ರಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿಟ್ಟಿತು. ಬೆಲೆ ಏರಿಸಿದ್ದ ಬ್ಲೂ-ರೇ ಕೂಡ ಕೊನೆಗೆ ಕೈ ಹಿಡಿಯಿತು. 2008ರಲ್ಲಿ ತೋಷಿಬಾ, ಬ್ಲೂ-ರೇಗೆ ಎದುರಾಳಿಯಾಗಿದ್ದ ಎಚ್‌ಡಿ ಡಿವಿಡಿ ಡಿಸ್ಕ್ ಅನ್ನು ಕೈಬಿಟ್ಟಿತು. ಕೊನೆಗೆ ಪಿಎಸ್ 3 ಮತ್ತು 360 ಎರಡೂ 8 ಕೋಟಿ ದಾಟಿದವು. ಆದರೆ ಹಿಂದಿನ ಪಿಎಸ್ 2 15 ಕೋಟಿಗೂ ಜಾಸ್ತಿ ಹೋಗಿತ್ತು ಎಂಬುದನ್ನು ಮರೆಯಬಾರದು. ಎದ್ದು ನಿಂತದ್ದು ನಿಜ, ಕಳೆದುಕೊಂಡದ್ದೂ ನಿಜ.

ಅದೇ ಪಾಠವನ್ನು ಸೋನಿ ಪಿಎಸ್ 4ರಲ್ಲಿ ಬಳಸಿತು. ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸರ್ನಿ ಮೊದಲೇ ಸ್ಟುಡಿಯೋಗಳ ಬಳಿ ಹೋಗಿ ಏನು ಬೇಕು ಎಂದು ಕೇಳಿದರು. ಮಾಮೂಲಿ ಕಂಪ್ಯೂಟರ್ ಬಗೆಯ ಪ್ರೊಸೆಸರ್, ಒಂದೇ ಕಡೆ ಇರುವ 8 ಜಿಬಿ ವೇಗದ ಮೆಮೊರಿ. ಸರಳ, ಯಾರಿಗೂ ಕಷ್ಟವಿಲ್ಲ.

ಈ ಸಲ ತಪ್ಪಿದ್ದು ಮೈಕ್ರೋಸಾಫ್ಟ್. 2013ರ ಮೇ ತಿಂಗಳಲ್ಲಿ ಎಕ್ಸ್‌ಬಾಕ್ಸ್ ಒನ್ ತೋರಿಸಿದಾಗ ಟಿವಿ ಕಾರ್ಯಕ್ರಮಗಳ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಆಮೇಲೆ ನಿಯಮಗಳು ಹೊರಬಂದವು. 24 ಗಂಟೆಗೊಮ್ಮೆ ಯಂತ್ರ ಇಂಟರ್ನೆಟ್ ಮೂಲಕ ಹಾಜರಿ ಹಾಕಬೇಕು. ಡಿಸ್ಕ್‌ನಲ್ಲಿ ಕೊಂಡ ಗೇಮ್ ಅನ್ನು ಇನ್ನೊಬ್ಬರಿಗೆ ಕೊಡಲು, ಮಾರಲು ಕಟ್ಟುಪಾಡುಗಳು. ಕೈನೆಕ್ಟ್ ಕ್ಯಾಮೆರಾ ಬೇಕೋ ಬೇಡವೋ ಜೊತೆಗೇ ಬರುತ್ತದೆ, ಅದನ್ನೂ ಸೇರಿಸಿ ಬೆಲೆ 499. ಪಿಎಸ್ 4 ಬೆಲೆ 399, ಮೇಲಾಗಿ ಅದರ ಗ್ರಾಫಿಕ್ಸ್ ಚಿಪ್ ಜಾಸ್ತಿ ಬಲದ್ದು. ಜನ ಸಿಟ್ಟಾದರು. ಜೂನ್ 19ರಂದು ಮೈಕ್ರೋಸಾಫ್ಟ್ ಆ ನಿಯಮಗಳನ್ನು ವಾಪಸ್ ತೆಗೆದುಕೊಂಡಿತು. ಮುಂದಿನ ವರ್ಷ ಕೈನೆಕ್ಟ್ ಇಲ್ಲದೆ 399ಕ್ಕೂ ಕೊಟ್ಟಿತು. ಆದರೆ ಆ ಕೆಲವು ವಾರಗಳಲ್ಲಿ ಸ್ನೇಹಿತರ ಗುಂಪುಗಳು ಯಾವ ಕಡೆ ಹೋಗಬೇಕೆಂದು ತೀರ್ಮಾನಿಸಿಬಿಟ್ಟಿದ್ದವು. ಆನ್‌ಲೈನ್ ಗೇಮ್ ಆಡುವವರು ಒಬ್ಬೊಬ್ಬರಾಗಿ ಕನ್ಸೋಲ್ ಆರಿಸುವುದಿಲ್ಲ. ಗೆಳೆಯರು ಇರುವ ಕಡೆ ಹೋಗುತ್ತಾರೆ.

ಆ ತಲೆಮಾರಿನ ಸೋಲು ಬೇರೆಯವುಗಳಿಗಿಂತ ದುಬಾರಿ ಅನ್ನುವುದು ನನ್ನ ಅಭಿಪ್ರಾಯ. ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಕೂಡ 2023ರ ಒಂದು ಸಂದರ್ಶನದಲ್ಲಿ ಇದನ್ನೇ ಹೇಳಿದರು. ಜನ ಡಿಸ್ಕ್ ಬಿಟ್ಟು ಡೌನ್‌ಲೋಡ್ ಗೇಮ್‌ಗಳ ಸಂಗ್ರಹ ಕಟ್ಟಿಕೊಂಡದ್ದು ಆ ವರ್ಷಗಳಲ್ಲೇ. ಪಿಎಸ್ 4ರಲ್ಲಿ ಐವತ್ತು ಗೇಮ್ ಇಟ್ಟುಕೊಂಡವರು ಪಿಎಸ್ 5 ಕೊಂಡರೆ ಅವುಗಳಲ್ಲಿ ಬಹುತೇಕ ಎಲ್ಲವೂ ಅಲ್ಲಿಯೂ ನಡೆಯುತ್ತವೆ. ಎಕ್ಸ್‌ಬಾಕ್ಸ್‌ಗೆ ಬಂದರೆ ಖಾಲಿ ಕೈ. ಹಿಂದೆ ಪ್ರತಿ ತಲೆಮಾರಿಗೂ ಆಟ ಹೊಸದಾಗಿ ಶುರುವಾಗುತ್ತಿತ್ತು. ಈಗ ಹಿಂದಿನ ಸೋಲು ಮುಂದಿನ ತಲೆಮಾರಿಗೂ ದಾಟುತ್ತದೆ.

ವೀ ಯುಗೆ ವಾಪಸ್ ಬರುತ್ತೇನೆ, ಯಾಕೆಂದರೆ ನಿಮ್ಮ ಜಾಹೀರಾತಿನ ಪ್ರಶ್ನೆಗೆ ಉತ್ತರ ಅಲ್ಲಿದೆ. ಅದಕ್ಕೂ ಹಿಂದಿನ ನಿಂಟೆಂಡೊ ಕನ್ಸೋಲ್ ವೀ 10 ಕೋಟಿ ದಾಟಿತ್ತು. 2012ರಲ್ಲಿ ಬಂದ ಹೊಸ ಕನ್ಸೋಲ್‌ಗೆ ಬಹುತೇಕ ಅದೇ ಹೆಸರು. ಪ್ರಚಾರದಲ್ಲಿ ಹೊಸ ಪರದೆ ಇರುವ ಗೇಮ್‌ಪ್ಯಾಡ್ ಅನ್ನೇ ಮುಂದೆ ಹಿಡಿದರು. ಇದು ಹಳೆಯ ವೀಗೆ ಸಿಕ್ಕಿಸುವ ಹೊಸ ಭಾಗ ಎಂದು ಎಷ್ಟೋ ಜನ ತಿಳಿದರು. ಇಲ್ಲಿ ಪ್ರಚಾರ ನಿಜಕ್ಕೂ ಸೋತಿತು. ಆದರೆ ಹೆಸರು ಸರಿ ಇದ್ದಿದ್ದರೆ ಗೆಲ್ಲುತ್ತಿತ್ತಾ? ನನಗೆ ಹಾಗನ್ನಿಸುವುದಿಲ್ಲ. ಗೇಮ್‌ಪ್ಯಾಡ್‌ನಿಂದ ಬೆಲೆ ಏರಿತು, ಆದರೆ ಅದು ಯಾಕೆ ಬೇಕು ಎಂದು ನಿಂಟೆಂಡೊದ ಗೇಮ್‌ಗಳೇ ಸರಿಯಾಗಿ ತೋರಿಸಲಿಲ್ಲ. ಕನ್ಸೋಲ್ ಇರುವ ಕೋಣೆಯಿಂದ ದೂರ ಒಯ್ದರೆ ಅದು ಕೆಲಸ ಮಾಡುತ್ತಿರಲಿಲ್ಲ. ಒಂದು ವರ್ಷದಲ್ಲೇ ಪಿಎಸ್ 4, ಎಕ್ಸ್‌ಬಾಕ್ಸ್ ಒನ್ ಬಂದವು. ಅವುಗಳಿಗೆ ಮಾಡಿದ ಗೇಮ್‌ಗಳನ್ನು ವೀ ಯುಗೆ ಇಳಿಸುವುದು ಕಷ್ಟ. ಹೊರಗಿನ ಸ್ಟುಡಿಯೋಗಳು ಒಂದೆರಡು ಗೇಮ್ ಬಿಟ್ಟು ನೋಡಿ, ಮಾರಾಟ ಕಾಣದೆ ಜಾಗ ಖಾಲಿ ಮಾಡಿದರು. ಆಮೇಲೆ ಉಳಿದದ್ದು ನಿಂಟೆಂಡೊ ಒಂದೇ. ಎಷ್ಟೇ ಪ್ರತಿಭೆ ಇರಲಿ, ಒಂದು ಕಂಪನಿ ವರ್ಷಕ್ಕೆ ಕೊಡಬಹುದಾದ ದೊಡ್ಡ ಗೇಮ್‌ಗಳು ಕೆಲವೇ. ನಡುವಿನ ತಿಂಗಳುಗಳಲ್ಲಿ ಕನ್ಸೋಲ್ ಮೇಲೆ ಧೂಳು ಕೂರುತ್ತದೆ. ಸ್ವಿಚ್ ಬಂದಾಗ ಅದೇ ಪರದೆಯನ್ನು ಕೈಯಲ್ಲಿ ಹಿಡಿದು ಮನೆಯಿಂದ ಹೊರಗೂ ಒಯ್ಯಬಹುದಾಯಿತು. ಅದನ್ನು ಯಾರಿಗೂ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ.

ನಿಂಟೆಂಡೊ ಇದಕ್ಕೂ ಮೊದಲು ಒಮ್ಮೆ ಹೊರಗಿನವರನ್ನು ಕಳೆದುಕೊಂಡಿತ್ತು. 1996ರ ನಿಂಟೆಂಡೊ 64ರಲ್ಲಿ ಸಿಡಿ ಬಿಟ್ಟು ಕಾರ್ಟ್ರಿಡ್ಜ್‌ನಲ್ಲೇ (ಒಳಗೆ ಚಿಪ್ ಇರುವ ಪ್ಲಾಸ್ಟಿಕ್ ಡಬ್ಬಿ) ಉಳಿಯಿತು. ಕಾರ್ಟ್ರಿಡ್ಜ್ ಬೇಗ ಲೋಡ್ ಆಗುತ್ತದೆ, ನಕಲು ಮಾಡುವುದೂ ಕಷ್ಟ. ಆದರೆ ಮಾಡಿಸಲು ಖರ್ಚು ಜಾಸ್ತಿ, ಜಾಗ ಕಡಿಮೆ. ಎಷ್ಟು ಪ್ರತಿ ಬೇಕೆಂದು ತಿಂಗಳುಗಳ ಮೊದಲೇ ಹೇಳಿ ದುಡ್ಡು ಕಟ್ಟಬೇಕು, ಮಾರದೆ ಉಳಿದರೆ ನಷ್ಟ ಗೇಮ್ ಕಂಪನಿಯದ್ದು. ಸ್ಕ್ವೇರ್ ಕಂಪನಿ ಫೈನಲ್ ಫ್ಯಾಂಟಸಿ 7 ಅನ್ನು ಪ್ಲೇಸ್ಟೇಷನ್‌ಗೆ ಒಯ್ದಿತು. ಅದು ಮೂರು ಸಿಡಿ ತುಂಬಿತ್ತು.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಬಲಕ್ಕೆ ಬೆಲೆ ಇನ್ನೂ ಕಡಿಮೆ. 1989ರ ಗೇಮ್ ಬಾಯ್ ಪರದೆಯಲ್ಲಿ ಬಣ್ಣವಿಲ್ಲ, ಹಿಂದೆ ಬೆಳಕಿಲ್ಲ. ಸೆಗಾದ ಗೇಮ್ ಗೇರ್‌ನಲ್ಲಿ ಎರಡೂ ಇದ್ದವು. ಆದರೆ ಗೇಮ್ ಗೇರ್ ಆರು ಬ್ಯಾಟರಿಗಳನ್ನು ಮೂರರಿಂದ ಐದು ಗಂಟೆಯಲ್ಲಿ ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕು ಬ್ಯಾಟರಿಯಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿತ್ತು, ಜೊತೆಗೆ ಟೆಟ್ರಿಸ್ ಇತ್ತು. 2011ರ ಕೊನೆಯಲ್ಲಿ ಬಂದ ಪ್ಲೇಸ್ಟೇಷನ್ ವೀಟಾ ಚಂದದ ಯಂತ್ರ, ಆದರೆ ಅದಕ್ಕೆ ಸೋನಿಯದೇ ಮೆಮೊರಿ ಕಾರ್ಡ್ ಬೇಕು, 32 ಜಿಬಿಗೆ 100 ಡಾಲರ್. ಕೊಂಡವರು ಮೊದಲ ದಿನವೇ ಮೋಸ ಹೋದೆವು ಅಂದುಕೊಳ್ಳುವಂಥ ಲೆಕ್ಕ ಅದು. ಅದೇ ವರ್ಷ ನಿಂಟೆಂಡೊ 3ಡಿಎಸ್ ಕೂಡ 249 ಡಾಲರ್‌ಗೆ ಬಂದು ಮುಗ್ಗರಿಸಿತ್ತು. ಆದರೆ ಅವರು ಆರು ತಿಂಗಳೊಳಗೆ ಬೆಲೆಯನ್ನು 169ಕ್ಕೆ ಇಳಿಸಿದರು. ಮೊದಲೇ ಕೊಂಡವರಿಗೆ 20 ಹಳೆಯ ಗೇಮ್‌ಗಳನ್ನು ಪುಕ್ಕಟೆ ಕೊಟ್ಟರು. ಅಧ್ಯಕ್ಷ ಸಟೋರು ಇವಾಟಾ ತಮ್ಮ ಸಂಬಳವನ್ನು ಅರ್ಧ ಕಡಿತ ಮಾಡಿಕೊಂಡರು. ಮಾನ್‌ಸ್ಟರ್ ಹಂಟರ್ ಸರಣಿ ಸೋನಿಯ ಕೈಯಂತ್ರದಿಂದ 3ಡಿಎಸ್‌ಗೆ ಬಂತು, ಜಪಾನ್‌ನಲ್ಲಿ ಅದೊಂದೇ ಎಷ್ಟೋ ಜನರನ್ನು ಎಳೆಯಿತು. ಕೊನೆಗೆ 3ಡಿಎಸ್ ಏಳೂವರೆ ಕೋಟಿ ದಾಟಿತು. ಇಷ್ಟು ಬೇಗ, ಇಷ್ಟು ಪ್ರಾಮಾಣಿಕವಾಗಿ ತಪ್ಪು ತಿದ್ದಿಕೊಂಡ ಕಂಪನಿಗಳು ಕಡಿಮೆ. ನನಗೆ ಆ ಪ್ರಸಂಗದ ಮೇಲೆ ಇವತ್ತಿಗೂ ಗೌರವ ಇದೆ.

ಇನ್ನೊಂದು ಮಾತು ಹೇಳಲೇಬೇಕು. ಸೋಲು ಎಲ್ಲ ಕಡೆ ಒಂದೇ ತರ ಇರುವುದಿಲ್ಲ. 80ರ ದಶಕದಲ್ಲಿ ಸೆಗಾ ಮಾಸ್ಟರ್ ಸಿಸ್ಟಮ್ ಅಮೆರಿಕದಲ್ಲಿ ತಲೆ ಎತ್ತಲಿಲ್ಲ. ತನಗೆ ಮಾಡಿದ ಗೇಮ್ ಎರಡು ವರ್ಷ ಬೇರೆ ಕನ್ಸೋಲ್‌ಗೆ ಹೋಗಬಾರದು ಎಂದು ನಿಂಟೆಂಡೊ ಸ್ಟುಡಿಯೋಗಳಿಂದ ಬರೆಸಿಕೊಂಡಿತ್ತು. ಎದುರಾಳಿಗೆ ಸಂತೆಯ ಬಾಗಿಲೇ ಮುಚ್ಚಿತ್ತು. ಅದೇ ಮಾಸ್ಟರ್ ಸಿಸ್ಟಮ್ ಯುರೋಪ್‌ನಲ್ಲಿ ಚೆನ್ನಾಗಿ ಹೋಯಿತು. ಬ್ರೆಜಿಲ್‌ನಲ್ಲಂತೂ ಟೆಕ್‌ಟಾಯ್ ಕಂಪನಿ ಅದನ್ನು ದಶಕಗಳ ಕಾಲ ಮಾರಿತು. ಸ್ಯಾಟರ್ನ್ ಕೂಡ ಜಪಾನ್‌ನಲ್ಲಿ ಗಟ್ಟಿಯಾಗಿ ನಿಂತಿತ್ತು. ಎಕ್ಸ್‌ಬಾಕ್ಸ್ ಕಥೆ ಇದಕ್ಕೆ ಉಲ್ಟಾ. ಅಮೆರಿಕದಲ್ಲಿ ಗೆದ್ದ ವರ್ಷಗಳಲ್ಲೂ ಜಪಾನ್‌ನಲ್ಲಿ ಅದು ಬೇರು ಬಿಡಲಿಲ್ಲ.

ಈಗ ಮುಂದಿನ ಸಲ ಹೊಸ ಕನ್ಸೋಲ್ ಬಂದಾಗ ಏನು ನೋಡಬೇಕು? ಚಿಪ್‌ನ ವೇಗ ಅಳೆಯುವ ಟೆರಾಫ್ಲಾಪ್ ಲೆಕ್ಕ ಬದಿಗಿಡಿ. ಎರಡೂ ಕನ್ಸೋಲ್‌ಗೆ ಬರುವ ಗೇಮ್ ಯಾವುದರಲ್ಲಿ ತಡವಾಗಿ ಬರುತ್ತಿದೆ ಎಂದು ನೋಡಿ. 2023ರಲ್ಲಿ ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್‌ಗೆ ಪಿಎಸ್ 5ಗಿಂತ ಮೂರು ತಿಂಗಳು ತಡವಾಗಿ ಬಂತು. ಕಡಿಮೆ ಬಲದ ಸೀರೀಸ್ ಎಸ್ ಮಾದರಿಯಲ್ಲಿ ಇಬ್ಬರು ಪರದೆ ಹಂಚಿಕೊಂಡು ಆಡುವುದನ್ನು ನಡೆಸಲು ಕಷ್ಟವಾಗಿತ್ತು. ಹೊರಗಿನ ಸ್ಟುಡಿಯೋ ಒಂದಕ್ಕೆ ಒಂದು ಯಂತ್ರ ಜಾಸ್ತಿ ಕೆಲಸ ಕೊಡುತ್ತಿದೆ ಅನ್ನುವುದು ಇಂಥ ಸುದ್ದಿಯಲ್ಲಿ ಮೊದಲು ಕಾಣುತ್ತದೆ. ಕಂಪನಿಯ ಸ್ವಂತ ಗೇಮ್‌ಗಳು ಎಲ್ಲಿ ಬರುತ್ತಿವೆ ಎಂದೂ ಗಮನಿಸಿ. 2024ರಲ್ಲಿ ಮೈಕ್ರೋಸಾಫ್ಟ್ ತನ್ನ ನಾಲ್ಕು ಗೇಮ್‌ಗಳನ್ನು ಎದುರಾಳಿ ಕನ್ಸೋಲ್‌ಗಳಿಗೆ ಕೊಟ್ಟಿತು, ಮರುವರ್ಷ ಫೋರ್ಜಾ ಹೊರೈಜನ್ 5 ಕೂಡ ಪಿಎಸ್ 5ಗೆ ಬಂತು. ಗೇಮ್ ವ್ಯಾಪಾರಕ್ಕೆ ಅದು ಒಳ್ಳೆ ನಿರ್ಧಾರ ಇರಬಹುದು, ಆಡುವವರಿಗಂತೂ ಒಳ್ಳೆಯದೇ. ಆದರೆ ಎಕ್ಸ್‌ಬಾಕ್ಸ್ ಯಂತ್ರವನ್ನೇ ಯಾಕೆ ಕೊಳ್ಳಬೇಕು ಎಂದು ಕೇಳುವವರಿಗೆ ಕಂಪನಿ ಈಗ ಹೊಸ ಉತ್ತರ ಹುಡುಕಬೇಕಾಗಿದೆ.